ಖಾರಕ್ಕೆ ಗಂಡು-ಹೆಣ್ಣು ಗೊತ್ತೇ?

"ಏನ್ಲಾ, ಗಂಡುಹೈದ ನೀನು, ಇಷ್ಟು ಖಾರಕ್ಕೇ ಕಣ್ಣಲ್ಲಿ ನೀರಾ?"

ನಮ್ಮ ತೆರಕಣಾಂಬಿ ಕಡೆ ಊಟದ ಪಂಕ್ತಿಯಲ್ಲಿ ಈ ಮಾತು ಕೇಳದೆ ಬೆಳೆದ ಹುಡುಗರು ಕಡಿಮೆ. ಹೇಳಿದವರಿಗೆ ಅದು ತಮಾಷೆ, ಕೇಳಿಸಿಕೊಂಡ ಹುಡುಗನಿಗೆ ಸವಾಲು. ಮೂಗು ಸೋರುತ್ತಿದ್ದರೂ ಇನ್ನೊಂದು ಹಸಿಮೆಣಸಿನಕಾಯಿ ಕಚ್ಚಿ, ಸುತ್ತ ಕೂತವರ ಮುಖ ನೋಡುತ್ತಾನೆ. ಅದೇ ಸಾಲಿನಲ್ಲಿ ಅವನ ತಂಗಿ ಸದ್ದಿಲ್ಲದೆ ಎರಡು ಮೆಣಸಿನಕಾಯಿ ಮುಗಿಸಿದ್ದರೆ, "ಹೆಣ್ಣುಮಗೀಗೆ ಇಷ್ಟು ಖಾರ ಯಾಕವ್ವ?" ಅನ್ನುತ್ತಾರೆ. ಒಂದೇ ಗಿಡದ ಕಾಯಿ, ಅಣ್ಣನಿಗೆ ಶಾಬಾಸ್‌ಗಿರಿ, ತಂಗಿಗೆ ಬುದ್ಧಿಮಾತು!

ಖಾರ ತಿನ್ನುವುದು ನಿಜವಾಗಿಯೂ ಗಂಡಸುತನದ ಗುರುತೇ? ಮಕ್ಕಳೇ, ಮೊಮ್ಮಕ್ಕಳ ಜೊತೆ ಇದನ್ನು ಓದುತ್ತಿರುವ ಅಜ್ಜ-ಅಜ್ಜಿಯರೇ, ಬನ್ನಿ, ಸ್ವಲ್ಪ ವಿಚಾರಿಸೋಣ.

ಖಾರ ಒಂದು ರುಚಿಯೇ ಅಲ್ಲ

ಸಿಹಿ, ಹುಳಿ, ಉಪ್ಪು, ಕಹಿ ಇವುಗಳನ್ನು ಗುರುತಿಸಲು ನಾಲಿಗೆಯಲ್ಲಿ ರುಚಿಮೊಗ್ಗುಗಳಿವೆ. ಖಾರದ ದಾರಿಯೇ ಬೇರೆ. ಮೆಣಸಿನಕಾಯಿಯಲ್ಲಿ ಕ್ಯಾಪ್ಸೈಸಿನ್ ಎಂಬ ವಸ್ತುವಿದೆ. ಅದು ಬಿಸಿ ಮತ್ತು ನೋವನ್ನು ಮಿದುಳಿಗೆ ತಿಳಿಸುವ ನರಗಳನ್ನು ತಟ್ಟಿ ಎಬ್ಬಿಸುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ತಗುಲಿದರೆ ಎಚ್ಚರಗೊಳ್ಳುವ ಅದೇ ಬಾಗಿಲನ್ನು ಮೆಣಸಿನಕಾಯಿಯೂ ತೆರೆಯುತ್ತದೆ. ಹಾಗಾಗಿಯೇ ಬಾಯಿ ಸುಡದಿದ್ದರೂ ಸುಟ್ಟ ಹಾಗೆ ಅನ್ನಿಸುವುದು. ಈ ಬಾಗಿಲನ್ನು 1997ರಲ್ಲಿ ಪತ್ತೆ ಹಚ್ಚಿದ್ದು ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ. 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಪಡೆದ ಇಬ್ಬರಲ್ಲಿ ಅವರೂ ಒಬ್ಬರು.

ಈ ಬಾಗಿಲು ಗಂಡಿಗೂ ಇದೆ, ಹೆಣ್ಣಿಗೂ ಇದೆ. ಹಕ್ಕಿಗಳಲ್ಲೂ ಇದೆ, ಆದರೆ ಅವುಗಳ ಬಾಗಿಲನ್ನು ಮೆಣಸಿನಕಾಯಿ ತೆರೆಯಲಾರದು. ಗಿಣಿ ಹಣ್ಣು ಮೆಣಸಿನಕಾಯಿಯನ್ನು ಆರಾಮಾಗಿ ಕಚ್ಚಿ ತಿನ್ನುವುದನ್ನು ನೀವು ನೋಡಿರಬಹುದು. ಖಾರ ತಿನ್ನುವುದೇ ಶೌರ್ಯವಾದರೆ ಗಿಣಿಗಿಂತ ದೊಡ್ಡ ಶೂರ ಲೋಕದಲ್ಲಿ ಇನ್ನಾರೂ ಇರಲಿಕ್ಕಿಲ್ಲ!

ಅಭ್ಯಾಸದ ಆಟ

ಹಾಗಾದರೆ ಕೆಲವರಿಗೆ ಖಾರ ಇಷ್ಟವಾಗುವುದು ಹೇಗೆ? ಪಾಲ್ ರೋಜಿನ್ ಎಂಬ ಮನಶ್ಶಾಸ್ತ್ರಜ್ಞರು ಮೆಣಸಿನಕಾಯಿಯ ತವರಾದ ಮೆಕ್ಸಿಕೊದ ಒಂದು ಹಳ್ಳಿಯಲ್ಲಿ ಇದನ್ನು ಗಮನಿಸಿ, 1980ರಲ್ಲಿ ಸಹಸಂಶೋಧಕಿಯೊಬ್ಬರ ಜೊತೆ ಪ್ರಕಟಿಸಿದರು. ಅಲ್ಲಿನ ಮಕ್ಕಳಿಗೆ ಯಾರೂ ಒತ್ತಾಯ ಮಾಡಿ ಖಾರ ತಿನ್ನಿಸುವುದಿಲ್ಲ. ದೊಡ್ಡವರು ಖುಷಿಯಿಂದ ತಿನ್ನುವುದನ್ನು ನೋಡುತ್ತಾ, ಚೂರು ಚೂರೇ ರುಚಿ ನೋಡುತ್ತಾ, ಐದರಿಂದ ಎಂಟು ವರ್ಷದೊಳಗೆ ಅವರಾಗಿಯೇ ಇಷ್ಟಪಡತೊಡಗುತ್ತಾರೆ. ಅಪಾಯವಿಲ್ಲ ಎಂದು ಮನಸ್ಸಿಗೆ ಗೊತ್ತಿದ್ದಾಗ, ದೇಹ 'ಬೇಡ ಬೇಡ' ಅಂದರೂ ಆ ಉರಿಯೇ ಒಂದು ಮಜಾ ಆಗುತ್ತದೆ. ಜಾತ್ರೆಯ ತಿರುಗುವ ತೊಟ್ಟಿಲಲ್ಲಿ ಕಿರುಚುತ್ತಲೇ ನಗುತ್ತೇವಲ್ಲ, ಹಾಗೆ. ಮತ್ತೆ ಮತ್ತೆ ತಿಂದಾಗ ನರಗಳೂ ಸ್ವಲ್ಪ ಒಗ್ಗಿಕೊಳ್ಳುತ್ತವೆ. ನಿಮ್ಮ ಅಜ್ಜಿಗೆ ಖಾರವೇ ಅನ್ನಿಸದ ಸಾರು ನಿಮ್ಮ ಬಾಯಿ ಉರಿಸುವುದಕ್ಕೆ ಇದೂ ಒಂದು ಕಾರಣ.

ಗಂಡು-ಹೆಣ್ಣಿನ ವ್ಯತ್ಯಾಸ ಎಲ್ಲಿದೆ?

ವ್ಯತ್ಯಾಸವೇ ಇಲ್ಲ ಅನ್ನುವ ಹಾಗಿಲ್ಲ. ಫ್ರಾನ್ಸಿನ ಸಂಶೋಧಕರು 114 ಗಂಡಸರಿಗೆ ಹಿಸುಕಿದ ಆಲೂಗೆಡ್ಡೆ ಕೊಟ್ಟು, ಖಾರದ ಸಾಸನ್ನು ಬೇಕಾದಷ್ಟು ಹಾಕಿಕೊಳ್ಳಲು ಬಿಟ್ಟರು. ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನು ಯಾರ ಜೊಲ್ಲಿನಲ್ಲಿ ಹೆಚ್ಚಿತ್ತೋ ಅವರು ಹೆಚ್ಚು ಸಾಸ್ ಹಾಕಿಕೊಂಡಿದ್ದರು. ಇದು ಪ್ರಕಟವಾದದ್ದೇ ತಡ, 'ಖಾರ ತಿನ್ನುವವನೇ ಗಂಡು' ಎಂದು ಹಲವರು ಬೀಗಿದರು. ಆದರೆ ಪರೀಕ್ಷೆಯಲ್ಲಿ ಹೆಂಗಸರು ಇರಲೇ ಇಲ್ಲ. ಎರಡು ಸಂಗತಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಯಿತು ಎನ್ನಲೂ ಆಗುವುದಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ನಾಡಿಯಾ ಬರ್ನ್ಸ್ ಮತ್ತು ಜಾನ್ ಹೇಯ್ಸ್ ಗಂಡಸರನ್ನೂ ಹೆಂಗಸರನ್ನೂ ಸೇರಿಸಿ ಅಧ್ಯಯನ ಮಾಡಿದರು. 2015ರಲ್ಲಿ ಬಂದ ಅವರ ವರದಿ ನನಗೆ ಬಹಳ ಹಿಡಿಸಿತು. ಹೆಂಗಸರಲ್ಲಿ ಖಾರದ ಇಷ್ಟವು ಹೊಸ ಅನುಭವದ ಆಸೆಯ ಜೊತೆ ಹೆಚ್ಚು ಬೆಸೆದುಕೊಂಡಿತ್ತು. ಗಂಡಸರಲ್ಲಿ ಅದು ಮೆಚ್ಚುಗೆ, ಬಹುಮಾನಗಳ ಆಸೆಯ ಜೊತೆ ಹೆಚ್ಚು ಬೆಸೆದುಕೊಂಡಿತ್ತು. ಅಂದರೆ, ಹೆಂಗಸರು ಉರಿಯ ಸುಖಕ್ಕಾಗಿಯೂ ಗಂಡಸರು ನೋಡುವವರಿಗಾಗಿಯೂ ತಿನ್ನುತ್ತಿರಬಹುದು ಎಂಬುದು ಅವರ ಊಹೆ. ಪಂಕ್ತಿಯಲ್ಲಿ ಅಣ್ಣ ಸುತ್ತಲವರ ಮುಖ ನೋಡಿದ್ದು, ತಂಗಿ ಎಲೆಯನ್ನೇ ನೋಡಿಕೊಂಡು ತಿಂದದ್ದು ನೆನಪಾಯಿತೇ?

ಮೆಣಸಿನಕಾಯಿ ಕಾಣದ ವೀರರು

ಇನ್ನೊಂದು ಸ್ವಾರಸ್ಯ ಕೇಳಿ. ಮೆಣಸಿನಕಾಯಿ ನಮ್ಮ ದೇಶದ್ದಲ್ಲ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ, ಪೋರ್ಚುಗೀಸರ ಹಡಗುಗಳ ಮೂಲಕ ಅದು ಇಲ್ಲಿಗೆ ಬಂತು. ಅದಕ್ಕೂ ಮೊದಲು ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದದ್ದು ಕರಿಮೆಣಸು, ಶುಂಠಿ. ಹೊಸದಾಗಿ ಬಂದ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಸೇರಿಸಿ 'ಮೆಣಸಿನಕಾಯಿ' ಅಂದೆವು.

ಹಾಗಾದರೆ, ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನು ತಡೆದ ಇಮ್ಮಡಿ ಪುಲಿಕೇಶಿ ಒಂದು ಮೆಣಸಿನಕಾಯಿಯನ್ನೂ ಕಂಡವನಲ್ಲ. ನಮ್ಮ ಸೀಮೆಗೆ ಹತ್ತಿರದ ತಲಕಾಡನ್ನು ಚೋಳರಿಂದ ಗೆದ್ದ ಹೊಯ್ಸಳ ವಿಷ್ಣುವರ್ಧನನೂ ಕಂಡಿರಲಿಲ್ಲ. ಚಿತ್ರದುರ್ಗದ ಒನಕೆ ಓಬವ್ವನ ಕಾಲಕ್ಕೆ ಮೆಣಸಿನಕಾಯಿ ಬಂದಿತ್ತು, ನಿಜ. ಆದರೆ ಕೋಟೆಯ ಕಿಂಡಿಯಲ್ಲಿ ನುಸುಳಿದ ಶತ್ರುಗಳನ್ನು ಒನಕೆಯಿಂದ ಹೊಡೆದ ಆ ತಾಯಿ ಎಷ್ಟು ಖಾರ ತಿನ್ನುತ್ತಿದ್ದಳೆಂದು ಇವತ್ತಿನವರೆಗೆ ಯಾರೂ ಕೇಳಿಲ್ಲ.

ಖಾರದ ಜೊತೆ ನಿಜವಾಗಿ ಹೋರಾಡಿದವರು

ನಮ್ಮ ಕಡೆಯ ಮನೆಗಳಲ್ಲಿ ಖಾರದ ಉರಿಯನ್ನು ಹೆಚ್ಚು ಉಂಡವರು ಹೆಂಗಸರೇ. ಒಣಮೆಣಸಿನಕಾಯಿ ಹುರಿಯುವಾಗ ಏಳುವ ಘಾಟಿಗೆ ಮನೆಯವರೆಲ್ಲ ಕೆಮ್ಮುತ್ತಾ ಜಗಲಿಗೆ ಓಡಿಬರುತ್ತಿದ್ದೆವು. ಒಲೆಯ ಮುಂದೆ ಉಳಿಯುತ್ತಿದ್ದವಳು ನಮ್ಮವ್ವ ಒಬ್ಬಳೇ. ಕಲ್ಲಿನಲ್ಲಿ ಖಾರ ಅರೆದ ದಿನ ಅವಳ ಅಂಗೈ ರಾತ್ರಿಯವರೆಗೂ ಉರಿಯುತ್ತಿತ್ತು. ಎಣ್ಣೆ ಸವರಿಕೊಂಡು ಸುಮ್ಮನೆ ಮಲಗುತ್ತಿದ್ದಳು. ಅದಕ್ಕೆ ಯಾರೂ ಶಾಬಾಸ್ ಅಂದದ್ದು ನನಗೆ ನೆನಪಿಲ್ಲ.

ಅವಳು ಅರೆಯುತ್ತಿದ್ದದ್ದು ಉಪ್ಸಾರಿನ ಖಾರ. ಚಾಮರಾಜನಗರ, ಮೈಸೂರು, ಮಂಡ್ಯದವರಿಗೆ ಉಪ್ಸಾರನ್ನು ಪರಿಚಯಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಕಾಳನ್ನೋ ಬೇಳೆಯನ್ನೋ ಸೊಪ್ಪಿನ ಜೊತೆ ಉಪ್ಪು ಹಾಕಿ ಬೇಯಿಸಿ, ರಸ ಬಸಿಯುತ್ತಾರೆ. ಆ ರಸದಲ್ಲಿ ಖಾರವೇ ಇರುವುದಿಲ್ಲ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕರಿಮೆಣಸು, ಹುಣಸೆಹಣ್ಣು, ಉಪ್ಪು ಸೇರಿಸಿ ಖಾರವನ್ನು ಬೇರೆಯಾಗಿ ಅರೆದಿಡುತ್ತಾರೆ. ತಟ್ಟೆಗೆ ಮುದ್ದೆ, ಮೇಲೆ ರಸ, ಪಕ್ಕಕ್ಕೆ ಒಂದಿಷ್ಟು ಖಾರ. ಎಷ್ಟು ಕಲಸಿಕೊಳ್ಳಬೇಕೆಂಬುದು ಉಣ್ಣುವವರ ಇಷ್ಟ. ಹೊಲದಿಂದ ಬಂದ ಅಪ್ಪನಿಗೆ ಗೋಲಿಯಷ್ಟು, ಮಗುವಿಗೆ ಕಡಲೆಕಾಳಿನಷ್ಟು, ಹಲ್ಲಿಲ್ಲದ ಅಜ್ಜನಿಗೆ ಬೆರಳ ತುದಿಗೆ ಹತ್ತಿದಷ್ಟು. ಒಂದೇ ಮಡಕೆಯ ಸಾರು, ತಟ್ಟೆಗೊಂದು ಖಾರ. ಇದರಲ್ಲಿ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಪಂದ್ಯ ಬೇಡ

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. ಮೊಬೈಲಿನಲ್ಲಿ 'ಖಾರದ ಚಾಲೆಂಜ್' ವಿಡಿಯೊಗಳು ತುಂಬಿವೆ. 2023ರಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್‌ನಲ್ಲಿ 14 ವರ್ಷದ ಹುಡುಗನೊಬ್ಬ ಇಂಥ ಪಂದ್ಯಕ್ಕೆಂದೇ ಮಾರುತ್ತಿದ್ದ ವಿಪರೀತ ಖಾರದ ಒಂದು ಚಿಪ್ಸ್ ತಿಂದ. ಅದೇ ದಿನ ತೀರಿಕೊಂಡ. ಹುಟ್ಟಿನಿಂದಲೇ ಅವನ ಹೃದಯದಲ್ಲಿ ದೋಷವಿತ್ತೆಂದು ಆಮೇಲೆ ಗೊತ್ತಾಯಿತು. ಕಂಪನಿ ಆ ಚಿಪ್ಸನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಿತು. 2024ರಲ್ಲಿ ಡೆನ್ಮಾರ್ಕ್ ಕೂಡ ಮೂರು ಬಗೆಯ ಅತಿಖಾರದ ಕೊರಿಯನ್ ನೂಡಲ್ಸನ್ನು ಅಂಗಡಿಗಳಿಂದ ತೆಗೆಸಿತು, ಬಳಿಕ ಎರಡನ್ನು ಮತ್ತೆ ಬಿಟ್ಟಿತು. ಮನೆಯ ಸಾರಿನ ಖಾರಕ್ಕೂ ಇವುಗಳಿಗೂ ಹೋಲಿಕೆಯೇ ಇಲ್ಲ. ಆದರೆ 'ಗಂಡಸಾದರೆ ತಿನ್ನು' ಎಂಬ ಮಾತು ಎರಡೂ ಕಡೆ ಒಂದೇ.

ಮಕ್ಕಳೇ, ಖಾರ ಹೆಚ್ಚಾದರೆ ನೀರು ಕುಡಿದು ಪ್ರಯೋಜನವಿಲ್ಲ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲು, ಮೊಸರು, ಮಜ್ಜಿಗೆ ಕುಡಿಯಿರಿ. ಕಾಯಿಯ ಒಳಗಿನ ಬಿಳಿ ತಿರುಳಿನಲ್ಲೇ ಖಾರ ಹೆಚ್ಚು, ಅದನ್ನು ಮುಟ್ಟಿದ ಕೈಯಿಂದ ಕಣ್ಣು ಉಜ್ಜಬೇಡಿ. ಯಾರಾದರೂ ಪಂದ್ಯ ಕಟ್ಟಿದರೆ 'ನನಗೆ ಸಾಕು' ಅನ್ನಿ. ಹತ್ತು ಜನ ನಗುತ್ತಿರುವಾಗ ಹಾಗೆ ಹೇಳುವುದಕ್ಕೆ ಮೆಣಸಿನಕಾಯಿ ಕಚ್ಚುವುದಕ್ಕಿಂತ ಹೆಚ್ಚು ಧೈರ್ಯ ಬೇಕು.

ಅಜ್ಜ-ಅಜ್ಜಿಯರೇ, ನಮ್ಮ ಪಾಲಿನ ಕೆಲಸವೂ ಇದೆ. ಮೊಮ್ಮಗ ಸಾಕು ಅಂದಾಗ ನಗದಿರೋಣ, ಮೊಮ್ಮಗಳು ಇನ್ನಷ್ಟು ಬೇಕು ಅಂದಾಗ ತಡೆಯದಿರೋಣ. ಈ ಭಾನುವಾರ ಉಪ್ಸಾರು ಮಾಡಿ. ಖಾರ ಅರೆಯುವ ಕೆಲಸವನ್ನು ಮನೆಯ ದೊಡ್ಡ ಹುಡುಗರಿಗೆ ವಹಿಸಿ. ಅಂಗೈಗೆ ಮೊದಲೇ ಎಣ್ಣೆ ಸವರಿಕೊಳ್ಳಲು ಮಾತ್ರ ಮರೆಯದೆ ಹೇಳಿ.