ಶೋರೂಮ್ ಪಾರ್ಟಾ, ಹೊರಗಿನ ಪಾರ್ಟಾ? ಅಂಗಡಿ ನೋಡಬೇಡಿ, ಡಬ್ಬಿ ನೋಡಿ

ಈ ವಾರದ ಮಾತನ್ನ ಎಂದಿನಂತೆ ಬರಹದಲ್ಲೂ ಕೊಡ್ತಿದ್ದೀನಿ. ವಿಡಿಯೋದಲ್ಲಿ ಹೆಸರು, ನಂಬರು ಎಲ್ಲ ಬೇಗ ಬೇಗ ಹೋಗಿಬಿಡ್ತವೆ. ಇಲ್ಲಾದ್ರೆ ಗ್ಯಾರೇಜಿನಲ್ಲಿ ನಿಂತಾಗ ಮೊಬೈಲಲ್ಲಿ ತೆಗೆದು ನೋಡ್ಕೋಬಹುದು.

ವಿಷಯ ಕಾರಿನ ಬಿಡಿಭಾಗಗಳದ್ದು. ಬ್ರೇಕ್ ಪ್ಯಾಡ್ ಸವೆದಿದೆ, ಕ್ಲಚ್ ಜಾರ್ತಿದೆ, ಹೆಡ್‌ಲೈಟ್ ಒಡೆದಿದೆ. ಕಂಪನಿ ಸರ್ವಿಸ್ ಸೆಂಟರ್‌ನಲ್ಲೇ ಹಾಕಿಸಬೇಕಾ, ಹೊರಗೆ ತಗೊಂಡು ಹಾಕಿಸಬಹುದಾ?

ಊರಲ್ಲಿದ್ದಾಗ ಈ ಪ್ರಶ್ನೆ ನಮ್ಮನ್ನ ಅಷ್ಟಾಗಿ ಕಾಡಲ್ಲ. ಹುಬ್ಬಳ್ಳಿಯೋ ಮೈಸೂರೋ ದಾವಣಗೆರೆಯೋ, ಅಪ್ಪನ ಕಾಲದಿಂದ ಗೊತ್ತಿರೋ ಮೇಸ್ತ್ರಿ ಒಬ್ಬ ಇರ್ತಾನೆ. "ಇದು ಇನ್ನೂ ಆರು ತಿಂಗಳು ಓಡತ್ತೆ, ಬಿಡಿ ಸಾರ್" ಅಂದ್ರೆ ನಂಬ್ತೀವಿ. ಆದ್ರೆ ಪುಣೆಯ ಹಿಂಜವಡಿಯಲ್ಲೋ, ಹೈದರಾಬಾದಿನ ಗಚ್ಚಿಬೌಲಿಯಲ್ಲೋ, ಚೆನ್ನೈನ ಶೋಲಿಂಗನಲ್ಲೂರಲ್ಲೋ ಅಂಥ ಗುರುತು ಇರಲ್ಲ. ಭಾಷೆಯೂ ಅರ್ಧಂಬರ್ಧ. ಆಗ ನಾವು ಎರಡರಲ್ಲಿ ಒಂದು ಮಾಡ್ತೀವಿ. ಭಯಕ್ಕೆ ಸರ್ವಿಸ್ ಸೆಂಟರ್ ಹೇಳಿದಷ್ಟು ಕೊಟ್ಟು ಬರ್ತೀವಿ, ಇಲ್ಲಾ ರೇಟು ಕಡಿಮೆ ಅಂತ ಎದುರಿಗೆ ಸಿಕ್ಕಿದ್ದನ್ನ ಹಾಕಿಸ್ತೀವಿ. ಎರಡರಲ್ಲೂ ನಾವು ನೋಡಿದ್ದು ಅಂಗಡಿಯನ್ನ, ಪಾರ್ಟನ್ನ ಅಲ್ಲ.

ನಾನು ಹೇಳೋದು ಇಷ್ಟೇ. ಯಾವ ಪಾರ್ಟ್ ಆದ್ರೂ ಮೂರು ಪ್ರಶ್ನೆ ಕೇಳಿ. ಇದನ್ನ ಮಾಡಿದವರು ಯಾರು? ಇದು ಕೈಕೊಟ್ರೆ ಏನಾಗತ್ತೆ? ಆಗ ಹೊಣೆ ಯಾರದ್ದು? ಉತ್ತರ ಸಿಕ್ಕಿದ್ರೆ ಎಲ್ಲಿ ತಗೋಬೇಕು ಅನ್ನೋದು ತಾನಾಗೇ ತೀರ್ಮಾನ ಆಗತ್ತೆ.

ಮಾಡಿದವರು ಯಾರು?

ಕಾರ್ ಕಂಪನಿ ಕಾರಿನ ಎಲ್ಲ ಪಾರ್ಟನ್ನೂ ತಾನೇ ಮಾಡಲ್ಲ. ಬಹುಪಾಲು ಭಾಗಗಳು ಸಪ್ಲೈಯರ್‌ಗಳಿಂದ ಬರ್ತವೆ. ಬೆಂಗಳೂರಿನವರಿಗೆ ಮೈಕೋ ಹೆಸರು ಗೊತ್ತೇ ಇರತ್ತೆ. ಬಿಟಿಎಂ ಪಕ್ಕದ ಮೈಕೋ ಲೇಔಟಿಗೆ ಆ ಹೆಸರು ಬಂದಿದ್ದೇ ಆಡುಗೋಡಿಯ ಆ ಫ್ಯಾಕ್ಟರಿಯಿಂದ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅದು. 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಅಂತಾಯ್ತು. ಹಾಗೇ ಚೆನ್ನೈನ ಪಾಡಿಯಲ್ಲಿ ಬ್ರೇಕ್ಸ್ ಇಂಡಿಯಾ ಇದೆ. ಪುಣೆ ಹತ್ತಿರದ ಚಾಕಣದಲ್ಲಿ ಶಾಕ್ ಅಬ್ಸಾರ್ಬರ್ ಮಾಡೋ ಗೇಬ್ರಿಯಲ್ ಇದೆ. ಅಮರಾನ್ ಬ್ಯಾಟರಿ ತಿರುಪತಿ ಕಡೆಯದ್ದು. ಅಂದ್ರೆ ನಾವು ಕೆಲಸ ಮಾಡೋ ಊರುಗಳ ಪಕ್ಕದಲ್ಲೇ ನಮ್ಮ ಕಾರಿನ ಪಾರ್ಟುಗಳು ತಯಾರಾಗ್ತಿವೆ.

ಹಾಗಾಗಿ ಮಾರ್ಕೆಟ್ಟಲ್ಲಿ ಒಂದೇ ಕೆಲಸದ ಪಾರ್ಟಿಗೆ ಹಲವು ಡಬ್ಬಿ ಸಿಗ್ತವೆ. ಮೊದಲನೆಯದು ಕಾರ್ ಕಂಪನಿಯ ಹೆಸರಿರೋ ಜೆನ್ಯೂನ್ ಡಬ್ಬಿ. ಎರಡನೆಯದು ಕಾರ್ ಕಂಪನಿಗೆ ಸಪ್ಲೈ ಮಾಡೋರೇ ತಮ್ಮ ಹೆಸರಲ್ಲಿ ಮಾರೋದು. ಬಜಾರಲ್ಲಿ ಇದಕ್ಕೆ ಓಇಎಂ ಅಂತಾರೆ. ಮೂರನೆಯದು ಬೇರೆ ತಯಾರಕರ ಆಫ್ಟರ್ ಮಾರ್ಕೆಟ್ ಮಾಲು. ಇದ್ರಲ್ಲಿ ಒಳ್ಳೇದೂ ಇದೆ, ಸಾಧಾರಣದ್ದೂ ಇದೆ. ನಾಲ್ಕನೆಯದು ಬೇರೆಯವರ ಹೆಸರು ಹಾಕ್ಕೊಂಡ ಡೂಪ್ಲಿಕೇಟ್. ಮೂರನೆಯದಕ್ಕೂ ನಾಲ್ಕನೆಯದಕ್ಕೂ ವ್ಯತ್ಯಾಸ ಇದೆ. ಮೂರನೆಯದು ತನ್ನ ಹೆಸರು ಹೇಳ್ಕೊಂಡೇ ಬರತ್ತೆ, ನಾಲ್ಕನೆಯದು ಸುಳ್ಳು ಹೇಳತ್ತೆ.

ಇಲ್ಲೊಂದು ಎಚ್ಚರ. ಅದೇ ಸಪ್ಲೈಯರ್ ಮಾಡಿದ್ದು ಅಂದ ಮಾತ್ರಕ್ಕೆ ಕಾರ್ ಕಂಪನಿಗೆ ಕೊಟ್ಟದ್ದೂ ಬಜಾರಿಗೆ ಬಿಟ್ಟದ್ದೂ ಒಂದೇ ಅಂತ ಗ್ಯಾರಂಟಿ ಇಲ್ಲ. ಬ್ರೇಕ್ ಪ್ಯಾಡಿನ ಉಜ್ಜುವ ಪದಾರ್ಥವೋ ರಬ್ಬರಿನ ಗ್ರೇಡೋ ಬೇರೆ ಇರಬಹುದು. ನಮ್ಮ ಭಾಷೆಲಿ ಹೇಳೋದಾದ್ರೆ ಕೋಡ್ ಬರೆದ ಟೀಮ್ ಒಂದೇ, ಬಿಲ್ಡ್ ಬೇರೆ.

ಜೆನ್ಯೂನ್ ಪಾರ್ಟ್ ಶೋರೂಮಲ್ಲಿ ಮಾತ್ರ ಸಿಗೋದಾ?

ಅಲ್ಲ. ಮಾರುತಿ ಸುಜುಕಿ ಜೆನ್ಯೂನ್ ಪಾರ್ಟ್ಸ್, ಹ್ಯುಂಡೈಗೆ ಮೋಬಿಸ್, ಟಾಟಾ ಜೆನ್ಯೂನ್ ಪಾರ್ಟ್ಸ್, ಇವೆಲ್ಲ ಡಿಸ್ಟ್ರಿಬ್ಯೂಟರ್‌ಗಳ ಮೂಲಕ ಹೊರಗಿನ ಅಂಗಡಿಗಳಿಗೂ ಬರ್ತವೆ. ಬೆಂಗಳೂರಿನ ಜೆಸಿ ರೋಡ್, ದೆಹಲಿಯ ಕಶ್ಮೀರಿ ಗೇಟ್, ಸಿಕಂದರಾಬಾದಿನ ರಾಣಿಗಂಜ್, ಪುಣೆಯ ನಾನಾ ಪೇಠ್ ಇದಕ್ಕೆಲ್ಲ ಹೆಸರಾದ ಜಾಗಗಳು. ಬೂಡ್ಮೋ ಥರದ ಆನ್‌ಲೈನ್ ಅಂಗಡಿಯಲ್ಲಿ ಪಾರ್ಟ್ ನಂಬರ್ ಹಾಕಿ ಹುಡುಕಬಹುದು.

ಡಬ್ಬಿಯ ಮೇಲೆ ಎಂಆರ್‌ಪಿ ಇರತ್ತೆ. ಅದಕ್ಕಿಂತ ಹೆಚ್ಚಿಗೆ ಯಾರೂ ತಗೊಳ್ಳೋ ಹಾಗಿಲ್ಲ, ಸರ್ವಿಸ್ ಸೆಂಟರೂ ಸೇರಿ. ಹಾಗಾಗಿ ಅದೇ ಜೆನ್ಯೂನ್ ಪಾರ್ಟಿಗೆ ಬೆಲೆಯಲ್ಲಿ ಭಾರೀ ವ್ಯತ್ಯಾಸ ಬರಬಾರದು. ಹೊರಗೆ ಸ್ವಲ್ಪ ಡಿಸ್ಕೌಂಟ್ ಸಿಗಬಹುದು, ಅಷ್ಟೇ. ದೊಡ್ಡ ವ್ಯತ್ಯಾಸ ಬರೋದು ಕೂಲಿಯಲ್ಲಿ ಮತ್ತು 'ಏನೇನು ಬದಲಾಯಿಸಬೇಕು' ಅನ್ನೋ ಪಟ್ಟಿಯಲ್ಲಿ. ಇನ್ನೊಂದು ವಿಷಯ: 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳಿಗೆಲ್ಲ ಶೇ. 18 ಜಿಎಸ್‌ಟಿ. ಮೊದಲು ಬಹಳಷ್ಟಕ್ಕೆ ಶೇ. 28 ಇತ್ತು. ಹಳೇ ಸ್ಟಾಕಿನ ಡಬ್ಬಿ ಕೊಟ್ರೆ ಈಗಿನ ರೇಟ್ ಎಷ್ಟು ಅಂತ ಕೇಳಿ.

ಪೂರ್ತಿ ಅಸೆಂಬ್ಲಿ ಬೇಕಾ?

ಹೋದ ವರ್ಷ ನನ್ನ ಕಾರಲ್ಲಿ ಸ್ಪೀಡ್ ಬ್ರೇಕರ್ ದಾಟಿದಾಗೆಲ್ಲ ಮುಂದಿನ ಚಕ್ರದ ಕಡೆ ಟಕ್ ಟಕ್ ಅಂತಿತ್ತು. ಒಂದು ಸರ್ವಿಸ್ ಸೆಂಟರಲ್ಲಿ ಎರಡೂ ಕಡೆ ಲೋಯರ್ ಆರ್ಮ್ ಪೂರ್ತಿ ಬದಲಾಯಿಸ್ಬೇಕು ಅಂತ ಎಸ್ಟಿಮೇಟ್ ಕೊಟ್ರು. ಸಣ್ಣ ಗ್ಯಾರೇಜಿನ ಮೇಸ್ತ್ರಿ ಗಾಡಿ ಎತ್ತಿ, ಚಕ್ರ ಅಲ್ಲಾಡಿಸಿ, ಸ್ಟೆಬಿಲೈಸರ್ ಲಿಂಕ್ ಒಂದೇ ಸಡಿಲ ಆಗಿದ್ದನ್ನ ಕೈಯಲ್ಲಿ ಮುಟ್ಟಿಸಿ ತೋರಿಸಿದ. ಅದನ್ನ ಬದಲಾಯಿಸಿದ ಮೇಲೆ ಶಬ್ದ ನಿಂತೋಯ್ತು.

ಇದ್ರಿಂದ 'ಸರ್ವಿಸ್ ಸೆಂಟರಿನವರೆಲ್ಲ ಮೋಸಗಾರರು' ಅಂದ್ಕೋಬೇಡಿ. ಅವರ ಕೆಲಸದ ರೀತಿಯೇ ಅಸೆಂಬ್ಲಿ ಬದಲಾಯಿಸೋದು. ಬೇಗ ಆಗತ್ತೆ, ಮತ್ತೆ ದೂರು ಬರಲ್ಲ. ಆಲ್ಟರ್ನೇಟರ್ ಕೆಟ್ರೆ ಇಡೀ ಆಲ್ಟರ್ನೇಟರ್. ಹೊರಗಿನ ಆಟೋ ಎಲೆಕ್ಟ್ರಿಷಿಯನ್ ಅದನ್ನ ಬಿಚ್ಚಿ ಕಾರ್ಬನ್ ಬ್ರಷ್ಷೋ ಬೇರಿಂಗೋ ಹಾಕಿ ಕೊಡ್ತಾನೆ. ಕೆಲವು ಸಲ ಅಸೆಂಬ್ಲಿ ಬದಲಾಯಿಸೋದೇ ಸರಿ ಇರತ್ತೆ. ಬಾಲ್ ಜಾಯಿಂಟನ್ನ ಆರ್ಮಿಗೇ ರಿವೆಟ್ ಹೊಡೆದಿದ್ರೆ, ಬುಷ್ ಕೂರಿಸೋಕೆ ಗ್ಯಾರೇಜಲ್ಲಿ ಹೈಡ್ರಾಲಿಕ್ ಪ್ರೆಸ್ ಇಲ್ಲದಿದ್ರೆ, ಸುತ್ತಿಗೆಯಲ್ಲಿ ಹೊಡೆಸಿಕೊಳ್ಳೋದಕ್ಕಿಂತ ಹೊಸ ಆರ್ಮ್ ಒಳ್ಳೇದು. 'ಇದರೊಳಗಿನ ಚಿಕ್ಕ ಪಾರ್ಟ್ ಬಿಡಿಯಾಗಿ ಸಿಗತ್ತಾ?' ಅಂತ ಒಂದು ಸಲ ಕೇಳೋದ್ರಲ್ಲಿ ತಪ್ಪಿಲ್ಲ.

ವಾರಂಟಿ ಹೋಗತ್ತಾ?

ಭಾರತೀಯ ಸ್ಪರ್ಧಾ ಆಯೋಗ, ಅಂದ್ರೆ ಸಿಸಿಐ, 2011ರ ಒಂದು ದೂರಿನ ಮೇಲೆ 2014ರ ಆಗಸ್ಟ್ 25ರಂದು ಆದೇಶ ಕೊಡ್ತು. 14 ಕಾರ್ ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ. ಬಿಡಿಭಾಗಗಳು ಮತ್ತು ರಿಪೇರಿಗೆ ಬೇಕಾದ ಡಯಾಗ್ನಾಸ್ಟಿಕ್ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕು ಅಂತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಅನ್ನೋ ಷರತ್ತು ಹಾಕಬಾರದು ಅಂತಲೂ ಹೇಳ್ತು. ಹೊರಗಿನ ಕೆಲಸದಿಂದಲೇ ಹಾಳಾಗಿದ್ರೆ ಆ ಮಟ್ಟಿಗೆ ವಾರಂಟಿ ನಿರಾಕರಿಸಬಹುದು. ಕಂಪನಿಗಳು ಮೇಲ್ಮನವಿ ಹೋದವು, ವಿಷಯ ಕೋರ್ಟುಗಳಲ್ಲಿ ವರ್ಷಗಟ್ಟಲೆ ಎಳೀತು.

ಹಾಗಾಗಿ ನನ್ನ ಸಲಹೆ ಸರಳ. ವಾರಂಟಿ ಇರೋವರೆಗೆ ಎಂಜಿನ್, ಗೇರ್‌ಬಾಕ್ಸ್, ವೈರಿಂಗ್ ಮುಟ್ಟೋ ಕೆಲಸ ಎಲ್ಲ ಸರ್ವಿಸ್ ಸೆಂಟರಲ್ಲೇ ಆಗಲಿ. ನ್ಯಾಯ ನಮ್ಮ ಕಡೆ ಇದ್ರೂ ಅದಕ್ಕಾಗಿ ಜಗಳಕ್ಕೆ ನಿಲ್ಲೋ ಪುರುಸೊತ್ತು ನಮಗಿಲ್ಲ. ಆದ್ರೆ ವೈಪರ್ ಬ್ಲೇಡ್, ಟೈರ್, ಬ್ಯಾಟರಿ ಹೊರಗೆ ಹಾಕಿಸಿದ್ರೆ ಎಂಜಿನ್ ವಾರಂಟಿ ಹೋಗತ್ತೆ ಅಂತ ಯಾರಾದ್ರೂ ಹೆದರಿಸಿದ್ರೆ, ಅದನ್ನ ಜಾಬ್ ಕಾರ್ಡಲ್ಲಿ ಬರೆದುಕೊಡಿ ಅನ್ನಿ.

ಕೈಕೊಟ್ರೆ ಏನಾಗತ್ತೆ?

ಪಾರ್ಟುಗಳನ್ನ ನಾನು ಮೂರು ಗುಂಪು ಮಾಡ್ತೀನಿ.

ಮೊದಲನೆಯದು, ಕೆಟ್ರೆ ಕಿರಿಕಿರಿ ಮಾತ್ರ. ವೈಪರ್, ಕ್ಯಾಬಿನ್ ಫಿಲ್ಟರ್, ಹಾರ್ನ್, ಡೋರ್ ಹ್ಯಾಂಡಲ್, ಮಿರರ್ ಕವರ್. ಹೊರಗೆ ಒಳ್ಳೇ ಬ್ರ್ಯಾಂಡಿನದ್ದು ಧೈರ್ಯವಾಗಿ ತಗೊಳ್ಳಿ. ಡೋರ್ ಹ್ಯಾಂಡಲ್ ಥರದ್ದು ಚೆನ್ನೈನ ಪುದುಪೇಟೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೂ ನಷ್ಟವಿಲ್ಲ.

ಎರಡನೆಯದು, ಕೆಟ್ರೆ ದುಡ್ಡು ಹೋಗತ್ತೆ. ಆಯಿಲ್ ಫಿಲ್ಟರ್, ಕ್ಲಚ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್. ಇವು ಜೆನ್ಯೂನ್ ಆಗಲಿ, ಇಲ್ಲಾ ಹೆಸರಾಂತ ಸಪ್ಲೈಯರ್ ಡಬ್ಬಿಯಾಗಲಿ, ಆದ್ರೆ ಬಿಲ್ಲು ಇರಲೇಬೇಕು. ಆಯಿಲ್ ಫಿಲ್ಟರನ್ನೇ ನೋಡಿ. ಹೊರಗಿಂದ ಬರೀ ತಗಡಿನ ಡಬ್ಬಿ. ಒಳಗೆ ಮಡಿಕೆ ಹಾಕಿದ ಕಾಗದ, ಬೈಪಾಸ್ ವಾಲ್ವು, ಎಂಜಿನ್ ನಿಂತಾಗ ಆಯಿಲ್ ವಾಪಸ್ ಇಳಿದು ಹೋಗದ ಹಾಗೆ ತಡೆಯೋ ರಬ್ಬರ್ ಪರದೆ ಇರ್ತವೆ. ಡೂಪ್ಲಿಕೇಟಲ್ಲಿ ಆ ರಬ್ಬರ್ ಕಳಪೆ ಆಗಿದ್ರೆ ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಎಂಜಿನ್ ಆಯಿಲ್ ಇಲ್ಲದೆ ತಿರುಗತ್ತೆ. ಆ ದಿನ ಏನೂ ಗೊತ್ತಾಗಲ್ಲ. ವರ್ಷಗಳ ನಂತರ ಎಂಜಿನ್ ಕೆಲಸಕ್ಕೆ ಬಂದಾಗ ಆ ಫಿಲ್ಟರ್ ಯಾರಿಗೂ ನೆನಪಿರಲ್ಲ.

ಮೂರನೆಯದು, ಕೆಟ್ರೆ ಜೀವಕ್ಕೇ ಬರತ್ತೆ. ಬ್ರೇಕ್, ಸ್ಟೀರಿಂಗ್, ಬಾಲ್ ಜಾಯಿಂಟ್, ಸೀಟ್ ಬೆಲ್ಟ್, ಏರ್‌ಬ್ಯಾಗ್. ಹಬ್ಬಕ್ಕೆ ಹೆಂಡ್ತಿ ಮಕ್ಕಳು, ಅಮ್ಮ, ನಾಲ್ಕು ಬ್ಯಾಗು ತುಂಬಿಕೊಂಡು ಊರಿಗೆ ಹೊರಟು ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಮೇಲೆ ಮತ್ತೆ ಮತ್ತೆ ಕಾಲಿಡ್ತೀವಿ. ಪ್ಯಾಡ್ ಕಾಯತ್ತೆ. ಕಳಪೆ ಪ್ಯಾಡಿನ ಹಿಡಿತ ಆ ಬಿಸಿಗೆ ಬೇಗ ಕಡಿಮೆ ಆಗತ್ತೆ. ಪೆಡಲ್ ಒತ್ತಿದ್ರೂ ಗಾಡಿ ನಿಲ್ಲೋಕೆ ಹೆಚ್ಚು ದೂರ ಬೇಕಾಗತ್ತೆ. ಸಿಟಿಯ ಟ್ರಾಫಿಕ್ಕಲ್ಲಿ ಇದೇ ಪ್ಯಾಡ್ ಚೆನ್ನಾಗೇ ಇದೆ ಅನ್ನಿಸಿರತ್ತೆ. ಈ ಗುಂಪಿಗೆ ಜೆನ್ಯೂನ್, ಇಲ್ಲಾ ಕಾರ್ ಕಂಪನಿಗೇ ಸಪ್ಲೈ ಮಾಡೋರ ಡಬ್ಬಿ. ಬೇರೆ ಯಾವುದೂ ಬೇಡ. ಏರ್‌ಬ್ಯಾಗ್ ಮತ್ತು ಸೀಟ್ ಬೆಲ್ಟ್ ಆದ್ರೆ ಸರ್ವಿಸ್ ಸೆಂಟರಲ್ಲೇ ಆಗಬೇಕು. ಸೆಕೆಂಡ್ ಹ್ಯಾಂಡ್ ಯೋಚನೆಯೇ ಬೇಡ.

ಇದಲ್ಲದೆ ಪಾರ್ಟ್ ಹಾಕಿದ್ರೆ ಸಾಲದು, ಪ್ರೋಗ್ರಾಮ್ ಮಾಡಬೇಕು ಅನ್ನೋ ಸಾಮಾನುಗಳಿವೆ. ಇಸಿಯು, ಇಮೊಬಿಲೈಸರ್ ಕೀ, ಎಡಾಸ್ ಕ್ಯಾಮೆರಾ ಇರೋ ಗ್ಲಾಸ್. ಇವುಗಳಿಗೂ ಸರ್ವಿಸ್ ಸೆಂಟರೇ ಸರಿ. ಆಕ್ಸಿಡೆಂಟ್ ಕ್ಲೇಮ್ ಇದ್ರೂ ಕ್ಯಾಶ್‌ಲೆಸ್ ಇರೋ ಕಡೆ ಹೋಗಿ. ಝೀರೋ ಡೆಪ್ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ. 50 ಸವಕಳಿ ಕಳೀತಾರೆ. ಅಂದ್ರೆ ಬಂಪರಿನ ಅರ್ಧ ಬೆಲೆ ನಮ್ಮ ಜೇಬಿಂದಲೇ ಅನ್ನೋದು ಮೊದಲೇ ಗೊತ್ತಿರಲಿ.

ಹೊಣೆ ಯಾರದ್ದು? ಕೊಳ್ಳೋ ಕ್ರಮ

ಅಂಗಡಿಗೆ ಹೋಗಿ 'ಒರಿಜಿನಲ್ ಕೊಡಿ' ಅಂದ್ರೆ ಎಲ್ರೂ ಒರಿಜಿನಲ್ಲೇ ಅಂತಾರೆ. ಅದರ ಬದಲು ಹೀಗೆ ಮಾಡಿ.

ಮೊದಲು ಆರ್‌ಸಿಯಲ್ಲಿರೋ ಚಾಸಿ ನಂಬರಿನ ಫೋಟೋ ಮೊಬೈಲಲ್ಲಿ ಇಟ್ಕೊಳ್ಳಿ. ಅದು 17 ಅಕ್ಷರ, ಅಂಕಿಗಳದ್ದು. ಇಲ್ಲೇ ತಯಾರಾದ ಹಲವು ಮಾರುತಿಗಳದ್ದು ಎಂಎ3, ಹ್ಯುಂಡೈ ಎಂಎಎಲ್, ಟಾಟಾ ಎಂಎಟಿ ಅಂತ ಶುರುವಾಗತ್ತೆ. ಒಂದೇ ಮಾಡೆಲ್ಲು, ಒಂದೇ ವರ್ಷ ಆಗಿದ್ರೂ ಮಧ್ಯದಲ್ಲಿ ಪಾರ್ಟ್ ಬದಲಾಗಿರಬಹುದು. ಸರಿಯಾದ ಪಾರ್ಟ್ ನಂಬರ್ ಸಿಗೋದು ಈ ನಂಬರಿಂದ. ಸರ್ವಿಸ್ ಸೆಂಟರಿನ ಹಳೇ ಬಿಲ್ಲಿನಲ್ಲೂ ಎಸ್ಟಿಮೇಟಿನಲ್ಲೂ ಪಾರ್ಟ್ ನಂಬರ್ ಇರತ್ತೆ, ಜೋಪಾನವಾಗಿಡಿ.

ಆಮೇಲೆ ಅಂಗಡಿಯಲ್ಲಿ ಮೂರೇ ಮಾತು: ಈ ಪಾರ್ಟ್ ನಂಬರಿನದ್ದು ಬೇಕು, ಯಾವ ಬ್ರ್ಯಾಂಡು, ಜಿಎಸ್‌ಟಿ ಬಿಲ್ಲಲ್ಲಿ ನಂಬರ್ ಮತ್ತು ಬ್ರ್ಯಾಂಡ್ ಎರಡೂ ಬರೀತೀರಾ? ಇದಕ್ಕೆ ಮರಾಠಿ, ತೆಲುಗು, ತಮಿಳು ಬರಬೇಕಾಗಿಲ್ಲ. ನಂಬರ್ ತೋರಿಸಿದ್ರೆ ಸಾಕು. ಡೂಪ್ಲಿಕೇಟ್ ಮಾರೋನು ಬಿಲ್ಲಲ್ಲಿ ಬ್ರ್ಯಾಂಡ್ ಹೆಸರು ಬರೆಯೋಕೆ ಹಿಂದೆ ಮುಂದೆ ನೋಡ್ತಾನೆ. ಆ ಬಿಲ್ಲೇ ನಾಳೆ ಹೊಣೆ ಯಾರದ್ದು ಅನ್ನೋದಕ್ಕೆ ಸಾಕ್ಷಿ.

ಡಬ್ಬಿಯ ಮೇಲೆ ತಯಾರಕರ ಹೆಸರು, ತಯಾರಾದ ತಿಂಗಳು ವರ್ಷ, ಎಂಆರ್‌ಪಿ ಇದೆಯಾ ನೋಡಿ. ಅಕ್ಷರ ತಪ್ಪು, ಮಸುಕು ಪ್ರಿಂಟು, ಮತ್ತೆ ಅಂಟಿಸಿದ ಸೀಲು ಇದ್ರೆ ವಾಪಸ್ ಕೊಡಿ. ಗ್ಯಾರೇಜಿನವರೇ ಪಾರ್ಟ್ ತಂದ್ರೆ ಡಬ್ಬಿ ನಿಮ್ಮೆದುರೇ ಒಡೆಯಲಿ. ನೀವೇ ಪಾರ್ಟ್ ತಂದುಕೊಟ್ರೆ ಹಾಕೋ ಕೆಲಸಕ್ಕೆ ಮಾತ್ರ ಅವರ ಹೊಣೆ, ಪಾರ್ಟಿಗೆ ಅಲ್ಲ ಅನ್ನೋದನ್ನ ಮೊದಲೇ ಮಾತಾಡ್ಕೊಳ್ಳಿ. ಮತ್ತೆ ಎಲ್ಲೇ ಮಾಡಿಸಿ, ಬಿಚ್ಚಿದ ಹಳೇ ಪಾರ್ಟ್ ಕೇಳಿ ಇಸ್ಕೊಳ್ಳಿ. ನಿಜವಾಗ್ಲೂ ಬದಲಾಯಿಸಿದ್ದಾರಾ, ಅದು ಎಷ್ಟು ಸವೆದಿತ್ತು, ಎರಡೂ ಗೊತ್ತಾಗತ್ತೆ.

ಇಷ್ಟು ಮಾಡಿದ್ರೆ ಸರ್ವಿಸ್ ಸೆಂಟರಿಗೆ ಹೋಗಬೇಕಾದ ಕೆಲಸಕ್ಕೆ ಗೊಣಗದೆ ಹೋಗ್ತೀರಿ, ಹೊರಗೆ ಆಗೋ ಕೆಲಸವನ್ನ ಹೆದರದೆ ಹೊರಗೆ ಮಾಡಿಸ್ತೀರಿ. ಹಬ್ಬಕ್ಕೆ ಊರಿಗೆ ಹೊರಡೋ ಪ್ಲಾನ್ ಇದ್ರೆ ಹಿಂದಿನ ದಿನದವರೆಗೆ ಕಾಯಬೇಡಿ. ಅವಸರದಲ್ಲಿದ್ದಾಗ ಅಂಗಡಿಯಲ್ಲಿ ಇದ್ದದ್ದನ್ನೇ ಹಾಕಿಸ್ಕೋಬೇಕಾಗತ್ತೆ. ಎರಡು ವಾರ ಮುಂಚೆ ಬ್ರೇಕ್, ಟೈರ್, ಬ್ಯಾಟರಿ ತೋರಿಸಿ. ಸರಿಯಾದ ನಂಬರಿನ ಪಾರ್ಟ್ ತರಿಸೋಕೆ ಅಷ್ಟು ಟೈಮ್ ಸಾಕು.

ಮುಂದಿನ ವಾರ ಕೆಎ ನಂಬರಿನ ಗಾಡಿ ಬೇರೆ ರಾಜ್ಯಕ್ಕೆ ತಂದವರ ಎನ್‌ಓಸಿ, ರೋಡ್ ಟ್ಯಾಕ್ಸ್ ಪಾಡಿನ ಬಗ್ಗೆ ಮಾತಾಡೋಣ.