ರಫ್ತುದಾರರಿಗೆ ಸ್ಪ್ಯಾನಿಷ್: ಮನೆಯಲ್ಲಿಯೇ ದಿನಕ್ಕೆ ಮುಕ್ಕಾಲು ಗಂಟೆ

ಸ್ಪೇನಿನಿಂದಲೋ ಚಿಲಿಯಿಂದಲೋ ಬಂದ ಖರೀದಿ ಆದೇಶದಲ್ಲಿ ಪ್ರಮಾಣದ ಎದುರು 1.250 ಎಂದು ನಮೂದಾಗಿದ್ದರೆ ಅದರ ಅರ್ಥ ಒಂದೂಕಾಲು ಎಂದಲ್ಲ. ಒಂದು ಸಾವಿರದ ಇನ್ನೂರ ಐವತ್ತು ಎಂದು. ಆ ದೇಶಗಳಲ್ಲಿ ಸಾವಿರದ ಸ್ಥಾನವನ್ನು ಚುಕ್ಕಿಯಿಂದಲೂ ದಶಾಂಶವನ್ನು ಅಲ್ಪವಿರಾಮದಿಂದಲೂ ಗುರುತಿಸುವುದು ರೂಢಿ. ಅರ್ಜೆಂಟೀನಾ, ಕೊಲಂಬಿಯಾಗಳಲ್ಲಿಯೂ ಇದೇ ಪದ್ಧತಿ. ಆದರೆ ಅದೇ ಭಾಷೆಯನ್ನಾಡುವ ಮೆಕ್ಸಿಕೊ ಮತ್ತು ಪೆರುವಿನಲ್ಲಿ ಭಾರತದಲ್ಲಿರುವಂತೆ ದಶಾಂಶಕ್ಕೆ ಚುಕ್ಕಿಯೇ ಬಳಕೆಯಲ್ಲಿದೆ. ಆದೇಶದ ಕೊನೆಯಲ್ಲಿ ಕಾಣುವ 'ಇಂಪೋರ್ತೆ ತೊತಾಲ್' ಎಂಬ ಮಾತಿಗೂ ಆಮದಿಗೂ ಸಂಬಂಧವಿಲ್ಲ. 'ಒಟ್ಟು ಮೊತ್ತ' ಎಂಬುದು ಅದರ ಅರ್ಥ. 'ಪ್ರೆಸಿಯೊ ಆಕ್ತುವಾಲ್' ಎಂದರೆ ನಿಜವಾದ ಬೆಲೆಯಲ್ಲ, ಈಗಿನ ಬೆಲೆ. 'ಕೊಂಪ್ರೊಮೀಸೊ' ಎಂದರೆ ರಾಜಿಯಲ್ಲ, ಕೊಟ್ಟ ಮಾತು. ಇಂಗ್ಲಿಷ್ ಚೆನ್ನಾಗಿ ಬಲ್ಲವರೇ ಎಡವುವ ಸ್ಥಳಗಳಿವು. ಒಂದು ಚುಕ್ಕಿ ಅಥವಾ ಒಂದು ಪದದ ತಪ್ಪು ಗ್ರಹಿಕೆಯು ಇಡೀ ರವಾನೆಯ ಲಾಭವನ್ನು ನುಂಗಿಹಾಕಬಲ್ಲದು.

ಸ್ಪೇನ್ ಸೇರಿದಂತೆ 20 ದೇಶಗಳ ಆಡಳಿತ ಭಾಷೆಯಾಗಿರುವ ಸ್ಪ್ಯಾನಿಷ್ ಸುಮಾರು 50 ಕೋಟಿ ಜನರ ಮಾತೃಭಾಷೆ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಅದೂ ಒಂದು. ಚಿಲಿಯೊಂದಿಗೆ ಭಾರತ ಮಾಡಿಕೊಂಡ ಆದ್ಯತಾ ವ್ಯಾಪಾರ ಒಪ್ಪಂದ 2007ರಲ್ಲಿ ಜಾರಿಗೆ ಬಂದಿತು. ಅರ್ಜೆಂಟೀನಾ, ಉರುಗ್ವೆ ಮೊದಲಾದ ದೇಶಗಳ ಮೆರ್ಕೊಸುರ್ ಒಕ್ಕೂಟದೊಂದಿಗಿನ ಒಪ್ಪಂದ 2009ರಲ್ಲಿ ಜಾರಿಯಾಯಿತು. ಕರ್ನಾಟಕದ ರೈತರು ಬೆಳೆಯುವ, ಗೆರ್ಕಿನ್ ಎಂದೇ ಹೆಸರಾದ ಮಿಡಿಸೌತೆಯನ್ನು ಕೊಳ್ಳುವ ದೇಶಗಳಲ್ಲಿ ಸ್ಪೇನ್ ಕೂಡ ಇದೆ. 2020-21ರಲ್ಲಿ ಭಾರತದಿಂದ ರಫ್ತಾದ ಸೌತೆ ಮತ್ತು ಮಿಡಿಸೌತೆಯ ಪ್ರಮಾಣ 2,23,515 ಟನ್. ಅಗರಬತ್ತಿ, ಪಂಪು, ಯಂತ್ರಭಾಗಗಳ ತಯಾರಕರಿಗೂ ಆ ಮಾರುಕಟ್ಟೆ ಹೊಸದೇನಲ್ಲ. ದೊಡ್ಡ ಕಂಪನಿಗಳು ಭಾಷಾ ತಜ್ಞರನ್ನು ನೇಮಿಸಿಕೊಳ್ಳಬಲ್ಲವು. ಸಣ್ಣ ತಯಾರಕರಿಗೆ ಇರುವುದು ಮಧ್ಯವರ್ತಿ ಅಥವಾ ಮೊಬೈಲಿನ ಭಾಷಾಂತರ ತಂತ್ರಾಂಶ. ಇವೆರಡೂ ಉಪಯುಕ್ತವೇ. ಆದರೆ ತಾನು ಓದಲಾರದ ಲೆಕ್ಕಪತ್ರಕ್ಕೆ ಯಾವ ವರ್ತಕನೂ ಕಣ್ಣು ಮುಚ್ಚಿ ಸಹಿ ಹಾಕುವುದಿಲ್ಲ. ಭಾಷಾಂತರ ಸರಿಯಾಗಿದೆಯೇ ಎಂದು ಪರಿಶೀಲಿಸುವಷ್ಟಾದರೂ ಭಾಷಾಜ್ಞಾನ ಮಾಲೀಕನಲ್ಲಿ ಇರಬೇಕೆಂಬುದು ಇದರಿಂದ ಸ್ಪಷ್ಟ.

ಎಷ್ಟು ಕಾಲ, ಎಷ್ಟು ಕಲಿಕೆ?

'ಮೂವತ್ತು ದಿನಗಳಲ್ಲಿ ಸ್ಪ್ಯಾನಿಷ್' ಎಂಬಂಥ ಜಾಹೀರಾತುಗಳನ್ನು ಲೆಕ್ಕದ ಒರೆಗೆ ಹಚ್ಚಿ ನೋಡುವುದು ಒಳ್ಳೆಯದು. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆಯು, ಇಂಗ್ಲಿಷ್ ಮಾತೃಭಾಷೆಯವರು ವೃತ್ತಿ ನಿರ್ವಹಣೆಗೆ ಬೇಕಾದ ಮಟ್ಟದ ಸ್ಪ್ಯಾನಿಷ್ ಕಲಿಯಲು 600ರಿಂದ 750 ತರಗತಿ ಗಂಟೆಗಳು ಬೇಕೆಂದು ಅಂದಾಜು ಮಾಡಿದೆ. ದಿನಕ್ಕೆ 45 ನಿಮಿಷದಂತೆ ವರ್ಷಕ್ಕೆ ಒದಗುವುದು ಸುಮಾರು 274 ಗಂಟೆ. ಅಂದರೆ ಆ ಮಟ್ಟಕ್ಕೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ.

ಆದರೆ ವರ್ತಕನ ಗುರಿ ರಾಜತಾಂತ್ರಿಕನ ಗುರಿಯಲ್ಲ. ನಮಸ್ಕಾರ ಹೇಳುವುದು, ಬೆಲೆ ತಿಳಿಸುವುದು, ದಿನಾಂಕ ಮತ್ತು ಪ್ರಮಾಣಗಳನ್ನು ಖಚಿತಪಡಿಸಿಕೊಳ್ಳುವುದು, ಇನ್‌ವಾಯ್ಸ್ ಓದಿಕೊಳ್ಳುವುದು - ಇಷ್ಟು ಸಾಧ್ಯವಾದರೆ ಮೊದಲ ಹಂತ ಮುಗಿದಂತೆ. ಯೂರೋಪಿನ ಭಾಷಾ ಮಾನದಂಡವು ಭಾಷಾ ಸಾಮರ್ಥ್ಯವನ್ನು ಎ-1ರಿಂದ ಸಿ-2ರವರೆಗೆ ಆರು ಹಂತಗಳಲ್ಲಿ ವಿಂಗಡಿಸಿದೆ. ಇವುಗಳಲ್ಲಿ ಮೊದಲೆರಡು ಹಂತಗಳ ಗುರಿಯನ್ನಿಟ್ಟುಕೊಂಡು ಆರು ತಿಂಗಳಿನಿಂದ ಒಂದು ವರ್ಷ ಕ್ರಮಬದ್ಧವಾಗಿ ಕಲಿಯುವುದು ದುಡಿಯುವ ಗೃಹಸ್ಥನ ಶಕ್ತಿಗೆ ಮೀರಿದ್ದಲ್ಲ. ಇಲ್ಲಿ ಮುಖ್ಯವಾದುದು ವೇಗವಲ್ಲ, ನಿರಂತರತೆ. ವಾರಕ್ಕೊಮ್ಮೆ ಐದು ಗಂಟೆ ಕುಳಿತು ಓದುವುದಕ್ಕಿಂತ ಪ್ರತಿದಿನ ಮುಕ್ಕಾಲು ಗಂಟೆ ಕಲಿಯುವುದು ಹೆಚ್ಚು ಫಲಕಾರಿ. ರೋಜುನಾಮೆಯನ್ನು ದಿನದಿನವೂ ಬರೆಯುವವನಿಗೂ ವರ್ಷಾಂತ್ಯಕ್ಕೆ ರಸೀತಿಗಳ ರಾಶಿ ಹಾಕಿಕೊಂಡು ಕೂರುವವನಿಗೂ ಇರುವ ಅಂತರವೇ ಇಲ್ಲಿಯೂ ಇದೆ.

ಕನ್ನಡಿಗರಿಗೆ ಇರುವ ಅನುಕೂಲ

ಸ್ಪ್ಯಾನಿಷ್ ಕಲಿಕೆಯಲ್ಲಿ ಇಂಗ್ಲಿಷರಿಗೆ ಇಲ್ಲದ ಕೆಲವು ಅನುಕೂಲಗಳು ಕನ್ನಡಿಗರಿಗೆ ಇವೆ. ಅ, ಎ, ಇ, ಒ, ಉ ಎಂಬ ಐದು ಸ್ವರಗಳೇ ಅಲ್ಲಿನ ಸ್ವರಗಳು. ಬರೆದಂತೆ ಓದುವುದೇ ಬಹುಮಟ್ಟಿಗೆ ನಿಯಮ. ಅಲ್ಲಿನ ತಕಾರ ಕನ್ನಡದ 'ತ'ವೇ ಹೊರತು ಇಂಗ್ಲಿಷಿನ 'ಟ' ಅಲ್ಲ. ಕನ್ನಡದಲ್ಲಿ ಬಳಕೆ ತೀರಾ ಕಡಿಮೆಯಾಗಿರುವ 'ಞ' ಅಕ್ಷರದ ಧ್ವನಿ ಅಲ್ಲಿ ನಿತ್ಯ ಬಳಕೆಯಲ್ಲಿದೆ.

ಕ್ರಿಯಾಪದದ ತುದಿಯಿಂದಲೇ ಕರ್ತೃವನ್ನು ತಿಳಿಯುವುದು ಎರಡೂ ಭಾಷೆಗಳ ಸ್ವಭಾವ. 'ಮಾತಾಡುತ್ತೇನೆ' ಎಂದರೆ 'ನಾನು' ಎಂದು ಬೇರೆ ಹೇಳಬೇಕಾಗಿಲ್ಲ. ಹಾಗೆಯೇ 'ಆಬ್ಲೊ' ಎಂದರೂ ಸಾಕು. 'ನನಗೆ ಕಾಫಿ ಇಷ್ಟ' ಎಂಬ ವಾಕ್ಯದ ರಚನೆ ಇಂಗ್ಲಿಷ್ ಮಾತನಾಡುವವರನ್ನು ಕಾಡುತ್ತದೆ. ಸ್ಪ್ಯಾನಿಷ್‌ನ 'ಮೆ ಗುಸ್ತಾ ಎಲ್ ಕಫೇ' ಎಂಬುದೂ ಇದೇ ಧಾಟಿಯದು. 'ನೀನು-ನೀವು' ಭೇದವು 'ತೂ-ಉಸ್ತೇದ್' ಎಂದು ಅಲ್ಲಿಯೂ ಇದೆ. ಅಪರಿಚಿತ ಗ್ರಾಹಕರೊಡನೆ 'ಉಸ್ತೇದ್' ಬಳಸುವುದೇ ಸುರಕ್ಷಿತ.

ವಾರದ ಹೆಸರುಗಳಲ್ಲಿಯೂ ಸಾಮ್ಯ ಉಂಟು. 'ಲೂನೆಸ್' ಚಂದ್ರನ ದಿನ, ಅಂದರೆ ಸೋಮವಾರ; 'ಮಾರ್ತೆಸ್' ಮಂಗಳನದು; 'ಮಿಯೆರ್ಕೊಲೆಸ್' ಬುಧನದು; 'ಹುಯೆವೆಸ್' ಗುರುವಿನದು; 'ವಿಯೆರ್ನೆಸ್' ಶುಕ್ರನದು. ಅಂಕೆಗಳು ಸಂಸ್ಕೃತದ ದೂರದ ಬಂಧುಗಳು: ತ್ರಿ-ತ್ರೆಸ್, ಸಪ್ತ-ಸಿಯೆತೆ, ನವ-ನುಯೆವೆ, ದಶ-ದಿಯೆಸ್. ಸೀಮಾಸುಂಕ ಕಚೇರಿಗೆ ಅಲ್ಲಿ 'ಅದುವಾನಾ' ಎಂದು ಹೆಸರು. ಅರಬ್ಬೀ ಭಾಷೆಯ ಮೂಲಕ ಅಲ್ಲಿಗೆ ತಲುಪಿದ ಈ ಪದವೂ ಮೈಸೂರಿನ 'ದಿವಾನ'ರ ಪದವಿಯ ಹೆಸರೂ ಒಂದೇ ಮೂಲದಿಂದ ಬಂದವು.

ಕಷ್ಟದ ಸ್ಥಳಗಳೂ ಇವೆ. ಕನ್ನಡದಲ್ಲಿ ಮೇಜು, ಪುಸ್ತಕಗಳು ನಪುಂಸಕ ಲಿಂಗ. ಸ್ಪ್ಯಾನಿಷ್‌ನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. 'ಇರು' ಎಂಬ ಒಂದೇ ಅರ್ಥಕ್ಕೆ 'ಸೇರ್', 'ಎಸ್ತಾರ್' ಎಂಬ ಎರಡು ಕ್ರಿಯಾಪದಗಳಿವೆ. ಇವು ನಿಯಮ ಬಾಯಿಪಾಠ ಮಾಡುವುದರಿಂದಲ್ಲ, ರೂಢಿಯಿಂದಲೇ ಸಿದ್ಧಿಸುವಂಥವು.

ದಿನಚರಿಯೊಳಗೇ ಪಾಠ

ಹೊಸದಾಗಿ ಸಮಯ ಹುಡುಕುವುದು ವ್ಯಾಪಾರಸ್ಥರಿಗೆ ಕಷ್ಟ. ಈಗಾಗಲೇ ನಡೆಯುತ್ತಿರುವ ಕೆಲಸಗಳಿಗೆ ಕಲಿಕೆಯನ್ನು ಜೋಡಿಸುವುದೇ ಸುಲಭೋಪಾಯ. ಈ ಕೆಳಗಿನ ಅಭ್ಯಾಸಗಳು ಅನುಸರಣೀಯ:

1. ಬೆಳಗಿನ ಕಾಫಿ - 5 ನಿಮಿಷ: ದಿನಾಂಕ, ವಾರ ಮತ್ತು ಅಂದಿನ ಮೂರು ಕೆಲಸಗಳನ್ನು ಸ್ಪ್ಯಾನಿಷ್‌ನಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುವುದು.

2. ಪ್ರಯಾಣ - 15 ನಿಮಿಷ: ಕಾರ್ಖಾನೆಗೆ ಹೋಗುವಾಗ ಆರಂಭಿಕ ಪಾಠಗಳ ಧ್ವನಿಮುದ್ರಿಕೆ ಕೇಳಿ, ಕೇಳಿದ ವಾಕ್ಯವನ್ನು ಕೂಡಲೇ ಪುನರುಚ್ಚರಿಸುವುದು. ಮೊದಮೊದಲು ಸುದ್ದಿವಾಚನ ಅರ್ಥವಾಗದು. ನಿಧಾನಗತಿಯ ಪಾಠಗಳೇ ಲೇಸು.

3. ಮನೆಯ ವಸ್ತುಗಳು: ಬಾಗಿಲು, ಕಪಾಟು, ಗಡಿಯಾರ, ಅಡುಗೆಮನೆಯ ಡಬ್ಬಿಗಳಿಗೆ ಹೆಸರಿನ ಚೀಟಿ ಅಂಟಿಸುವುದು. ಪುಲ್ಲಿಂಗಕ್ಕೆ ನೀಲಿ ಶಾಯಿ, ಸ್ತ್ರೀಲಿಂಗಕ್ಕೆ ಕೆಂಪು ಶಾಯಿ ಬಳಸಿದರೆ ಲಿಂಗಭೇದ ತಾನಾಗಿಯೇ ನೆನಪಿನಲ್ಲಿ ನಿಲ್ಲುತ್ತದೆ. ಕಿರಾಣಿ ಪಟ್ಟಿಯಲ್ಲಿ ಅಕ್ಕಿಗೆ 'ಅರ್ರೋಸ್', ಸಕ್ಕರೆಗೆ 'ಅಸೂಕಾರ್', ಹಾಲಿಗೆ 'ಲೇಚೆ', ಉಪ್ಪಿಗೆ 'ಸಾಲ್' ಎಂದು ಬರೆಯುವುದರಿಂದ ಮನೆಮಂದಿಯೂ ಸೇರಿಕೊಳ್ಳುತ್ತಾರೆ. ತಪ್ಪಿದಾಗ ತಿದ್ದುವ ಮಕ್ಕಳಿಗಿಂತ ಕಟ್ಟುನಿಟ್ಟಿನ ಗುರು ಬೇರೆ ಇಲ್ಲ.

4. ಮಧ್ಯಾಹ್ನದ ಬಿಡುವು - 10 ನಿಮಿಷ: ಪದಚೀಟಿಗಳ ಪುನರಾವರ್ತನೆ. ಇದರ ಕ್ರಮವನ್ನು ಮುಂದೆ ವಿವರಿಸಲಾಗಿದೆ.

5. ರಾತ್ರಿಯ ಲೆಕ್ಕ - 15 ನಿಮಿಷ: ಅಂದಿನ ವ್ಯವಹಾರವನ್ನು ಮೂರು ಸಾಲುಗಳಲ್ಲಿ ಬರೆಯುವುದು. 'ವೆಂದೀ' ಎಂದರೆ ಮಾರಿದೆ, 'ಕೊಂಪ್ರೇ' ಎಂದರೆ ಕೊಂಡೆ, 'ಪಗೇ' ಎಂದರೆ ಪಾವತಿ ಮಾಡಿದೆ. ವಸ್ತು, ಪ್ರಮಾಣ, ಮೊತ್ತ ಸೇರಿಸಿದರೆ ಅಂಕೆ, ಭೂತಕಾಲ, ಪದಸಂಪತ್ತು ಮೂರೂ ಒಟ್ಟಿಗೆ ಕೈಗೂಡುತ್ತವೆ.

ಇವಲ್ಲದೆ ವಾರಕ್ಕೊಮ್ಮೆ ಅರ್ಧ ಗಂಟೆ ಅಂತರಜಾಲದ ಮೂಲಕ ಒಬ್ಬ ಶಿಕ್ಷಕರೊಡನೆ ಮಾತನಾಡುವುದು ಅಗತ್ಯ. ಒಬ್ಬರೇ ಕಲಿತ ಉಚ್ಚಾರಣೆಯ ದೋಷ ಕಲಿತವರ ಕಿವಿಗೆ ಬೀಳುವುದಿಲ್ಲ. 'ಪೇರೊ' ಎಂದರೆ 'ಆದರೆ'. ರಕಾರವನ್ನು ಒತ್ತಿ ಉರುಳಿಸಿ 'ಪೇರ್ರೊ' ಎಂದರೆ 'ನಾಯಿ'. ಕಾಲಮಾನದ ವ್ಯತ್ಯಾಸವೂ ಇಲ್ಲಿ ಅನುಕೂಲಕರ. ಬೆಂಗಳೂರಿನಲ್ಲಿ ಸಂಜೆ 7.30 ಆದಾಗ ಲಿಮಾ ಮತ್ತು ಬೊಗೊಟಾಗಳಲ್ಲಿ ಬೆಳಗಿನ 9 ಗಂಟೆ. ಪಾಠಕ್ಕೂ ಗ್ರಾಹಕರಿಗೆ ಕರೆ ಮಾಡುವುದಕ್ಕೂ ಅದೇ ಸಕಾಲ.

ಮರೆವಿಗೆ ಮದ್ದು

ಕಲಿತದ್ದನ್ನು ಮನುಷ್ಯ ಮೊದಲ ಕೆಲವು ಗಂಟೆಗಳಲ್ಲಿ ಮತ್ತು ದಿನಗಳಲ್ಲಿಯೇ ಹೆಚ್ಚಾಗಿ ಮರೆಯುತ್ತಾನೆ, ಅನಂತರ ಮರೆವಿನ ವೇಗ ತಗ್ಗುತ್ತದೆ ಎಂಬುದನ್ನು ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಇದಕ್ಕೆ ಪರಿಹಾರವಾಗಿ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಐದು ಅರೆಗಳ ಪೆಟ್ಟಿಗೆಯ ಕ್ರಮವೊಂದನ್ನು ಜನಪ್ರಿಯಗೊಳಿಸಿದರು. ಹೊಸ ಪದದ ಚೀಟಿ ಮೊದಲ ಅರೆಗೆ ಹೋಗುತ್ತದೆ. ಅರ್ಥ ಸರಿಯಾಗಿ ನೆನಪಾದರೆ ಮುಂದಿನ ಅರೆಗೆ. ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. ಮೊದಲ ಅರೆಯನ್ನು ಪ್ರತಿದಿನ, ಮುಂದಿನವುಗಳನ್ನು ಹೆಚ್ಚು ಹೆಚ್ಚು ಅಂತರದಲ್ಲಿ ನೋಡಬೇಕು.

ಉದ್ರಿ ವ್ಯಾಪಾರ ಮಾಡುವವರಿಗೆ ಈ ಕ್ರಮ ಅಪರಿಚಿತವಲ್ಲ. ಸಕಾಲಕ್ಕೆ ಹಣ ಕೊಡುವ ಗಿರಾಕಿಗೆ ತಿಂಗಳಿಗೊಮ್ಮೆ ನೆನಪಿಸಿದರೂ ಸಾಕು; ಬಾಕಿ ಉಳಿಸಿಕೊಂಡವನ ಬಾಗಿಲಿಗೆ ದಿನವೂ ಹೋಗಬೇಕು. ಪದಗಳಲ್ಲಿಯೂ ಬಾಕಿದಾರರಿರುತ್ತಾರೆ. ದಿನಕ್ಕೆ ಎಂಟು ಹೊಸ ಪದಗಳಂತೆ ಹಾಕಿಕೊಂಡರೆ ನಾಲ್ಕು ತಿಂಗಳಲ್ಲಿ ಒಂಬೈನೂರಕ್ಕೂ ಹೆಚ್ಚು ಪದಗಳು ಪೆಟ್ಟಿಗೆ ಸೇರುತ್ತವೆ. ಅವುಗಳಲ್ಲಿ ಮೂರನೆಯ ಒಂದು ಭಾಗ ಜಾರಿಹೋದರೂ ವ್ಯವಹಾರಕ್ಕೆ ಬೇಕಾದ ಬಂಡವಾಳ ಉಳಿಯುತ್ತದೆ.

ಮೊದಲು ಬೇಕಾದ ಪದಗಳು

ಸಾಮಾನ್ಯ ಪಠ್ಯಪುಸ್ತಕಗಳು ವಿಮಾನ ನಿಲ್ದಾಣ, ಹೋಟೆಲುಗಳಿಂದ ಆರಂಭವಾಗುತ್ತವೆ. ವರ್ತಕರು ತಮ್ಮ ಸ್ವಂತ ಇನ್‌ವಾಯ್ಸಿನಿಂದ ಆರಂಭಿಸುವುದು ಮೇಲು. 'ಫಕ್ತೂರಾ' ಎಂದರೆ ಇನ್‌ವಾಯ್ಸ್, 'ಪೆದೀದೊ' ಆರ್ಡರು, 'ಮುಯೆಸ್ತ್ರಾ' ಮಾದರಿ, 'ಫ್ಲೇತೆ' ಸಾಗಣೆ ವೆಚ್ಚ, 'ಪ್ಲಾಸೊ' ಗಡುವು, 'ಸಾಲ್ದೊ' ಖಾತೆಯ ಶಿಲ್ಕು, 'ಅ ಲಾ ವಿಸ್ತಾ' ಎಂದರೆ ಹುಂಡಿ ಅಥವಾ ಸಾಖಪತ್ರವನ್ನು ಕಂಡೊಡನೆ ಪಾವತಿ. 'ಕಾಂತಿದಾದ್' ಪ್ರಮಾಣ, 'ಕಾಲಿದಾದ್' ಗುಣಮಟ್ಟ. ಇವೆರಡನ್ನು ಅದಲು ಬದಲು ಮಾಡಬಾರದು. 'ಬೊಂಬಾ' ಎಂಬ ಪದ ಕಂಡು ಪಂಪು ತಯಾರಕರು ಬೆಚ್ಚಬೇಕಾಗಿಲ್ಲ. ಬಾಂಬಿಗೂ ಪಂಪಿಗೂ ಅಲ್ಲಿ ಅದೊಂದೇ ಹೆಸರು. ಮಿಡಿಸೌತೆ 'ಪೆಪಿನೀಯೊ'. ಅಗರಬತ್ತಿ 'ಇನ್ಸಿಯೆನ್ಸೊ' ಆದರೂ ಅರ್ಜೆಂಟೀನಾದಲ್ಲಿ 'ಸಾಉಮೇರಿಯೊ' ಎನ್ನುವುದೇ ಹೆಚ್ಚು. ಒಂದೇ ವಸ್ತುವಿಗೆ ದೇಶಕ್ಕೊಂದು ಹೆಸರಿರುವುದರಿಂದ ಗ್ರಾಹಕರ ದೇಶದ ಪದವನ್ನೇ ಬಳಸುವುದು ಸೂಕ್ತ.

ಖರೀದಿದಾರರ ತೆರಿಗೆ ನೋಂದಣಿ ಸಂಖ್ಯೆಗೂ ಇದೇ ಮಾತು ಅನ್ವಯ. ಮೆಕ್ಸಿಕೊದಲ್ಲಿ ಅದು ಆರ್‌ಎಫ್‌ಸಿ, ಪೆರುವಿನಲ್ಲಿ ಆರ್‌ಯುಸಿ, ಚಿಲಿಯಲ್ಲಿ ಆರ್‌ಯುಟಿ, ಕೊಲಂಬಿಯಾದಲ್ಲಿ ಎನ್‌ಐಟಿ. ದೊಡ್ಡ ಮೊತ್ತಗಳಲ್ಲಿ ಮತ್ತೊಂದು ಎಚ್ಚರ ಬೇಕು: ಸ್ಪ್ಯಾನಿಷ್‌ನ 'ಬಿಯೋನ್' ಇಂಗ್ಲಿಷಿನ ಬಿಲಿಯನ್ ಅಲ್ಲ. ಬಿಲಿಯನ್ ಎಂದರೆ ನೂರು ಕೋಟಿ, 'ಬಿಯೋನ್' ಎಂದರೆ ಒಂದು ಲಕ್ಷ ಕೋಟಿ.

ಮಿತಿಯ ಅರಿವು

ಮನೆಯಲ್ಲಿ ಕಲಿತ ಭಾಷೆಯಿಂದ ಒಪ್ಪಂದ ಪತ್ರಗಳಿಗೆ ಸಹಿ ಹಾಕುವ ಸಾಹಸ ಸಲ್ಲದು. ಏಜೆನ್ಸಿ ಕರಾರು, ಗುಣಮಟ್ಟದ ಖಾತರಿ, ವ್ಯಾಜ್ಯ ಪರಿಹಾರದ ಷರತ್ತು ಇವೆಲ್ಲವೂ ವೃತ್ತಿಪರ ಭಾಷಾಂತರಕಾರರ ಮತ್ತು ವಕೀಲರ ಕೈ ದಾಟಿಯೇ ಬರಬೇಕು. ಸ್ಪೇನ್ ಮತ್ತು ಮೆಕ್ಸಿಕೊಗಳಲ್ಲಿ ಪೊಟ್ಟಣದಲ್ಲಿ ಮಾರಾಟವಾಗುವ ಆಹಾರ ಪದಾರ್ಥಗಳ ಲೇಬಲ್ ಸ್ಪ್ಯಾನಿಷ್‌ನಲ್ಲಿರುವುದು ಕಡ್ಡಾಯ. ಅದನ್ನೂ ಬಲ್ಲವರಿಂದ ತಿದ್ದಿಸುವುದು ಕ್ಷೇಮ. 'ಆಞೊ' ಎಂದರೆ ವರ್ಷ. ಆ ಅಕ್ಷರದ ಮೇಲಿನ ಚಿಕ್ಕ ಅಲೆಗೆರೆಯನ್ನು ಮುದ್ರಕರು ಕೈಬಿಟ್ಟರೆ ಅದು ಸಭ್ಯರ ನಡುವೆ ಉಚ್ಚರಿಸಲಾಗದ ದೇಹಭಾಗದ ಹೆಸರಾಗುತ್ತದೆ. ಸಾವಿರಾರು ಪೊಟ್ಟಣಗಳ ಮೇಲೆ ಅಚ್ಚಾದ ಅಂಥ ತಪ್ಪನ್ನು ಹಡಗು ಹೊರಟ ಮೇಲೆ ತಿದ್ದಲಾಗದು. ಕರಡಚ್ಚಿನಲ್ಲಿಯೇ ಅದನ್ನು ಗುರುತಿಸಬಲ್ಲ ಕಣ್ಣು ಮಾಲೀಕನಿಗೆ ಇರಬೇಕು.

ಕಲಿಕೆಯ ಪ್ರಗತಿಯನ್ನು ಅಳೆಯಲು ಪರೀಕ್ಷೆಗಳೂ ಉಂಟು. 1991ರಲ್ಲಿ ಸ್ಪೇನ್ ಸರ್ಕಾರ ಸ್ಥಾಪಿಸಿದ ಸೆರ್ವಾಂತೆಸ್ ಸಂಸ್ಥೆಗೆ ನವದೆಹಲಿಯಲ್ಲಿ ಕೇಂದ್ರವಿದೆ. ಆ ಸಂಸ್ಥೆ ನೀಡುವ 'ಡೇಲೆ' ಪ್ರಮಾಣಪತ್ರಗಳು ಎ-1ರಿಂದ ಸಿ-2ರವರೆಗಿನ ಎಲ್ಲ ಹಂತಗಳಿಗೂ ಲಭ್ಯ. ಆದರೆ ವರ್ತಕರಿಗೆ ಪ್ರಮಾಣಪತ್ರಕ್ಕಿಂತ ದೊಡ್ಡ ಪರೀಕ್ಷೆ ಗ್ರಾಹಕರ ಮುಂದಿನ ಪತ್ರವೇ. ಪತ್ರದ ಮೊದಲ ಸಾಲನ್ನಾದರೂ ತಮ್ಮ ಭಾಷೆಯಲ್ಲಿ ಬರೆದ ಪೂರೈಕೆದಾರನನ್ನು ಖರೀದಿದಾರರು ಸುಲಭವಾಗಿ ಮರೆಯುವುದಿಲ್ಲ. ಬೆಲೆಯಲ್ಲಿ ಎಲ್ಲರೂ ಪೈಪೋಟಿ ನಡೆಸಬಲ್ಲರು. ಆ ಸಾಲನ್ನು ಬರೆಯಬಲ್ಲವರು ಮಾತ್ರ ಕೆಲವರೇ.

ಹನಿಗೂಡಿದರೆ ಹಳ್ಳ ಎಂಬ ಗಾದೆ ಉಳಿತಾಯ ಖಾತೆಗೆ ಅನ್ವಯಿಸುವಂತೆ ಭಾಷೆಗೂ ಅನ್ವಯಿಸುತ್ತದೆ. ಈ ರಾತ್ರಿಯ ಲೆಕ್ಕ ಬರೆದು ಮುಗಿಸಿದ ಮೇಲೆ, ಅದರ ಕೆಳಗೆ ಸ್ಪ್ಯಾನಿಷ್‌ನ ಮೂರು ಸಾಲು ಸೇರಿಸುವುದರಿಂದ ಆರಂಭಿಸಬಹುದು.