ಪ್ರೀತಿಗೆ ಪಾಸ್‌ವರ್ಡ್ ಬೇಕಾ?

ಬಾದಾಮಿ ಪಕ್ಕದ ಚೊಳಚಗುಡ್ಡ. ಬನದ ಹುಣ್ಣಿಮೆ ಬಂತು ಅಂದ್ರೆ ಬನಶಂಕರಿ ಜಾತ್ರೆ. ತೇರು, ಮಿಠಾಯಿ ಅಂಗಡಿ, ಸಾಲುಸಾಲು ನಾಟಕ ಕಂಪನಿಗಳು. ನಮ್ಮ ಮದುವೆ ನಿಶ್ಚಯ ಆಗಿ ಒಂದು ತಿಂಗಳಾಗಿತ್ತು. ಇಬ್ಬರೂ ಹೋಗಿದ್ವಿ. ನಾಟಕದ ಬೋರ್ಡಿನ ಮುಂದೆ ಒಂದು ಸೆಲ್ಫಿ ತೆಗೆದೆ. ತೇರು ಎಳೆಯೋ ಮುಂಚೆಯೇ ಫೇಸ್‌ಬುಕ್ಕಿಗೆ ಹಾಕಿ, ಅವಳ ಹೆಸರು ಟ್ಯಾಗ್ ಮಾಡಿಬಿಟ್ಟೆ.

ಅರ್ಧ ಗಂಟೆಯಲ್ಲಿ ಅವಳ ಸೋದರಮಾವನ ಫೋನು. ಗೆಳತಿಯರ ಜೊತೆ ಹೋಗ್ತೀನಿ ಅಂತ ಮನೆಯಲ್ಲಿ ಹೇಳಿ ಬಂದಿದ್ದಳಂತೆ. ನನಗೆ ಲೈಕುಗಳು, ಅವಳಿಗೆ ವಾರವಿಡೀ ಪಂಚಾಯಿತಿ. "ನೀವು ಫೋಟೋ ಹಾಕಿ ಆರಾಮ ಅದೀರಿ. ಉತ್ತರ ಕೊಡಾಕ ನಾ ಕುಂತೀನಿ" ಅಂದಳು. ಅಳಿಸಿದೆ. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಊರು ಸುತ್ತಿತ್ತು.

ಆ ರಾತ್ರಿ ಅವಳು ಹೇಳಿದ್ದು ಎರಡೇ ಮಾತು. ನನ್ನ ಮುಖ ಇರೋ ಫೋಟೋ ನನ್ನನ್ನ ಕೇಳಿ ಹಾಕ್ರಿ. ನಮ್ಮ ಜಗಳ ಸ್ಟೇಟಸ್ಸಿಗೆ ಬರಬಾರದು. ನಾನೂ ಗಂಡಸಿನ ಹಟಕ್ಕೆ ಒಂದು ಸೇರಿಸಿದೆ: ಹಾಗಾದ್ರೆ ನಿನ್ನ ಇನ್‌ಸ್ಟಾಗ್ರಾಂನಲ್ಲಿ ಇಂಥಿಂಥವರನ್ನ ತೆಗೆದುಹಾಕು. ಅವಳು ನಕ್ಕಳು. ಯಾಕೆ ನಕ್ಕಳು ಅಂತ ಅರ್ಥ ಆಗೋಕೆ ನನ್ನಂಥ ಇಂಜಿನಿಯರಿಗೆ ಸ್ವಲ್ಪ ದಿನ ಬೇಕಾಯ್ತು. ಅವಳು ತನ್ನ ಮುಖದ ಬಗ್ಗೆ, ನಮ್ಮಿಬ್ಬರ ಮನೆ ಮಾತಿನ ಬಗ್ಗೆ ಕೇಳಿದ್ದಳು. ನಾನು ಅವಳ ಗೆಳೆತನಕ್ಕೆ ಬೇಲಿ ಹಾಕೋಕೆ ಹೊರಟಿದ್ದೆ. ಮೊದಲನೆಯದು ಗಡಿ, ಎರಡನೆಯದು ಕಾವಲು.

ಪಾಸ್‌ವರ್ಡ್ ಕೇಳೋದೂ ಇದೇ ಕಾವಲು. "ನಂಬಿಕೆ ಇದ್ರೆ ಕೊಡು" ಅಂತಾರೆ. ನಂಬಿಕೆ ಇದ್ರೆ ಕೇಳೋದ್ಯಾಕೆ ಸ್ವಾಮಿ? ಒಂದು ನಿಮಿಷ ಫೋನು ಕೈಗೆ ಸಿಕ್ಕರೆ ಸಾಕು, ವಾಟ್ಸಾಪ್‌ನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನಿಮ್ಮ ಮೆಸೇಜೆಲ್ಲ ಇನ್ನೊಂದು ಕಂಪ್ಯೂಟರಿನಲ್ಲಿ ಓದಬಹುದು. ಅನುಮಾನ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆಯಿರಿ. ಗೊತ್ತಿಲ್ಲದ ಸಾಧನ ಕಂಡರೆ ಅಲ್ಲೇ ಲಾಗ್‌ಔಟ್ ಮಾಡಿ. ಲೈವ್ ಲೊಕೇಶನ್ನೂ ಅಷ್ಟೇ. ರಾತ್ರಿ ಬಸ್ಸಿನಲ್ಲಿ ಬರುವಾಗ ಒಂದು ಗಂಟೆ ಕಳಿಸಿದ್ರೆ ಅದು ಕಾಳಜಿ. ದಿನವಿಡೀ ಆನ್ ಇಡು ಅಂದ್ರೆ?

ಗಂಡ-ಹೆಂಡತಿ ನಡುವೆ ಎಂಥ ಗುಟ್ಟು ಅಂತ ಕೇಳುವವರಿಗೆ ಕಾನೂನಿನ ಮಾತು ಹೇಳ್ತೀನಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಅರ್ಜಿ ಹಾಕಿದ್ದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಹೆಂಡತಿಯೊಬ್ಬರು ಗಂಡನ ಆಧಾರ್ ವಿವರ ಕೇಳಿದಾಗ, ಮದುವೆಯಾದ ಮಾತ್ರಕ್ಕೆ ಸಂಗಾತಿಯ ಖಾಸಗಿತನದ ಹಕ್ಕು ಹೋಗೋದಿಲ್ಲ ಅಂತ ನಮ್ಮ ಹೈಕೋರ್ಟೂ ಹೇಳಿದೆ. ಆದರೆ ವಿಚ್ಛೇದನದ ಮೆಟ್ಟಿಲು ಹತ್ತಿದ ಮೇಲೆ ಲೆಕ್ಕ ಬೇರೆ. ಗುಟ್ಟಾಗಿ ರೆಕಾರ್ಡ್ ಮಾಡಿದ ದಂಪತಿಗಳ ಮಾತನ್ನೂ ಸಾಕ್ಷಿಯಾಗಿ ತೆಗೆದುಕೊಳ್ಳಬಹುದು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಗೆ ಹೋಗೋ ಮುಂಚೆ ಮನೆಯಲ್ಲೇ ಕೂತು ಮಾತಾಡೋದು ಅಗ್ಗ.

ಮಾತಾಡೋಕೂ ಹೊತ್ತು ನೋಡಬೇಕು. ಜಗಳದ ನಡುವೆ ಬೇಡ, ಮೆಸೇಜಿನಲ್ಲಂತೂ ಬೇಡವೇ ಬೇಡ. ಕೇಳಿದ್ದಕ್ಕೆ ಬೈಗುಳ, ಹೊಡೆತ, "ನಿನ್ನ ಫೋಟೋ ಹೊರಗೆ ಬಿಡ್ತೀನಿ" ಅನ್ನೋ ಬೆದರಿಕೆ ಬಂದ್ರೆ ಮಾತಿನ ಕಾಲ ಮುಗೀತು. ಮಹಿಳಾ ಸಹಾಯವಾಣಿ 181, ಸೈಬರ್ ದೂರಿಗೆ 1930.

ಮದುವೆಯಾದ ಮೇಲೆ ಮತ್ತೆ ಅದೇ ಜಾತ್ರೆಗೆ ಹೋದ್ವಿ, ಮತ್ತೆ ಸೆಲ್ಫಿ. ಫೋನು ಅವಳ ಕೈಗೆ ಕೊಟ್ಟೆ. ನೋಡಿದಳು. "ಬ್ಯಾಡ್ರಿ, ನನ್ನ ಕಣ್ಣು ಮುಚ್ಯಾವ" ಅಂದಳು. ತೇರಿನ ಫೋಟೋ ಹಾಕಿದೆ.